ಮಾಟ ಎಂಬ ಮಾತು

ಹೋದ ತಿಂಗಳು ಬಳ್ಳಾರಿಯ ಮಹಿಳಾ ಮಂಡಳಿಯಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಜಿಲ್ಲೆಯ ಹೆಣ್ಣುಮಕ್ಕಳ ಚಳವಳಿಯ ಚರಿತ್ರೆ ಅಂತ ಸ್ಮರಣ ಸಂಚಿಕೆ ತರುತ್ತಾರಂತೆ. ಮಂಡಳಿಯ ಹಳೆಯ ಅಧ್ಯಕ್ಷಿಣಿಗೆ 'ಚಳವಳಿಯ ತಾಯಿ' ಅಂತ ಬಿರುದು ಕೊಟ್ಟು ಶಾಲು ಹೊದಿಸುತ್ತಾರಂತೆ. "ನೀವೂ ಒಂದ್ ಪುಟ ಬರಕೊಡ್ರಿ ಮೇಡಂ, ಹಳೇ ನೆನಪು. ಚಂದಂಗ ಇರ್ಲಿ" ಅಂದಳು. ಚಂದಂಗ ಇರ್ಲಿ! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಒಂದು ಪುಟಕ್ಕೆ ತೀರುವ ಸಿಟ್ಟಲ್ಲ ಇದು. ಹಾಗಾಗಿ ಅವರ ಸಂಚಿಕೆಗೆ ಕೊಡದೆ ಪೂರ್ತಿ ಬರೆಯುತ್ತಿದ್ದೇನೆ. ಓದಿದವರು ಇದನ್ನು ಸೇಡು ಅಂದರೆ ಅನ್ನಲಿ. ಸೇಡೇ.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳು ಅವು. ಹಲಕುಂದಿ ಕಡೆ ಬಿಳಿ ಅಂಗಿ ತೊಟ್ಟು ಹೋದವರು ಅದಿರಿನ ಧೂಳು ಹತ್ತಿ ಕೆಂಪು ಅಂಗಿಯಲ್ಲಿ ವಾಪಸ್ ಬರುತ್ತಿದ್ದರು. ನಿನ್ನೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಇವತ್ತು ಲಾರಿಯ ಮಾಲೀಕ. ನಾನು ಕುರುಗೋಡಿನ ಪಿಂಜಾರರ ಮನೆಯ ಮಗಳು. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ನಾನು ಬಳ್ಳಾರಿಯ ಒಂದು ಜೀನ್ಸ್ ಶೆಡ್ಡಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದೆ. ಬಟ್ಟೆಯ ಬಣ್ಣ ಹತ್ತಿ ನಮ್ಮೆಲ್ಲರ ಬೆರಳು ಸದಾ ನೀಲಿಯಾಗಿ ಇರುತ್ತಿದ್ದವು, ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ.

ನನ್ನ ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದವಳು ನನ್ನ ಗೆಳತಿ. ಸಿರುಗುಪ್ಪದ ಕಡೆ, ಹೊಳೆದಂಡೆಯ ಕೆಂಚನಗುಡ್ಡ ಅವಳ ತವರು. ಮನೆಮಾತು ತೆಲುಗು, ಗದ್ದೆಯ ಮಾತು ಕನ್ನಡ. ನಮ್ಮ ಕುರುಗೋಡಿಗೇ ಸೊಸೆಯಾಗಿ ಬಂದಿದ್ದಳು. ಗಂಡ ಮೊದಲು ಡ್ರೈವರನಾಗಿದ್ದ, ಆಮೇಲೆ ಒಂದು ಲಾರಿ ಕೊಂಡ. ಎರಡನೆಯ ಲಾರಿ ಬಂದ ವರ್ಷವೇ ಎರಡನೆಯ ಹೆಂಗಸೂ ಬಂದಳು, ನನ್ನ ಗೆಳತಿ ಬೀದಿಗೆ ಬಂದಳು. ಏಳು ವರ್ಷದ ಮಗಳನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಪ್ರೀತಿಗೇನಲ್ಲ, ಹಟಕ್ಕೆ. ಆಸ್ತಿ ಬೇಡ, ಒಡವೆ ಬೇಡ, ಅವನ ಮುಖವಂತೂ ಬೇಡವೇ ಬೇಡ, ಮಗಳನ್ನು ಕೊಡಿಸಿ ಸಾಕು ಅಂತ ಅವಳು ಕಂಡಕಂಡವರ ಮುಂದೆ ಕೈ ಮುಗಿಯುತ್ತಿದ್ದಳು.

ನಾವಿಬ್ಬರೂ ಆಗ ಮಹಿಳಾ ಮಂಡಳಿಯಲ್ಲಿದ್ದೆವು. ಅಧ್ಯಕ್ಷಿಣಿ ದೊಡ್ಡ ಟ್ರಾನ್ಸ್‌ಪೋರ್ಟ್ ಮಾಲೀಕರ ಹೆಂಡತಿ. ರಂಗೋಲಿ ಸ್ಪರ್ಧೆ, ಅಡುಗೆ ಸ್ಪರ್ಧೆ, ವರ್ಷಕ್ಕೊಂದು ಸಲ ಮಹಿಳಾ ದಿನಕ್ಕೆ ಭಾಷಣ, ಇಷ್ಟು ಮಂಡಳಿಯ ಕೆಲಸ. ಗೆಳತಿಯನ್ನು ಕರೆದುಕೊಂಡು ಹೋಗಿ ಅವರ ಮುಂದೆ ಕೂರಿಸಿದೆ. ಅವರು ಎಲ್ಲ ಕೇಳಿ, "ಸಂಸಾರ ಅಂದ್ಮ್ಯಾಲೆ ಒಂದ್ ಮಾತು ಬರ್ತೈತಿ, ಒಂದ್ ಮಾತು ಹೋಗ್ತೈತಿ. ಹೊಂದಿಕೊಂಡು ಹೋಗಮ್ಮಾ. ಅಲ್ಲೇ ಇದ್ರ ಮಗಳೂ ಕಣ್ಮುಂದ ಇರ್ತಾಳ" ಅಂದರು. ಗಂಡನನ್ನು ಕರೆಸಿ ರಾಜಿ ಮಾಡಿಸಿದರು. ಸೀರೆ ಕೊಟ್ಟು, ಕುಂಕುಮ ಹಚ್ಚಿ, ಫೋಟೋ ತೆಗೆಸಿ ಕಳಿಸಿದರು.

ಒಂಬತ್ತನೆಯ ದಿನ ಅವಳು ಮುರಿದ ಮುಂಗೈಗೆ ಪಟ್ಟಿ ಹಾಕಿಸಿಕೊಂಡು ಬಂದಳು. ಮತ್ತೆ ಅಧ್ಯಕ್ಷಿಣಿಯ ಮನೆಗೆ ಹೋದೆವು. ಅವರು ಪಟ್ಟಿಯನ್ನು ನೋಡಿದರು, ಕಿಟಕಿಯನ್ನು ನೋಡಿದರು. "ಏನ್ ಮಾಡಾಕಾಕೈತಿ ಹೇಳು. ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಅಂತಾರ" ಅಂದರು.

"ಉಣ್ಣಾಕ ಕೈ ಬೇಕಲ್ರಿ ಅಮ್ಮಾ" ಅಂದಳು ನನ್ನ ಗೆಳತಿ.

ಅವತ್ತೇ ಮಂಡಳಿ ಬಿಟ್ಟೆವು. ನಾವಿಬ್ಬರೇ ಅಲ್ಲ, ಶೆಡ್ಡಿನ ಇನ್ನೂ ಐದು ಜನ ಬಿಟ್ಟರು. ಆ ಗಂಡನ ಲಾರಿಗಳು ಓಡುವುದು ಅಧ್ಯಕ್ಷಿಣಿಯ ಯಜಮಾನರ ಟ್ರಾನ್ಸ್‌ಪೋರ್ಟಿನ ಕೆಳಗೇ ಅಂತ ನಮಗೆ ತಿಳಿದದ್ದು ಆಮೇಲೆ. ತಿಳಿದ ಮೇಲೆ ಆ ಫೋಟೋದಲ್ಲಿ ಎಲ್ಲರೂ ಯಾಕೆ ಅಷ್ಟು ನಗುತ್ತಿದ್ದರು ಅನ್ನುವುದೂ ತಿಳಿಯಿತು.

ಪಾರ್ವತಿನಗರದಲ್ಲಿ ಒಬ್ಬ ಟೀಚರ್ ಇದ್ದರು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಮದುವೆಯಾಗದವರು, ಹರೆಯದಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ಗುಂಪುಗಳಲ್ಲಿ ಓಡಾಡಿದವರು. ಮಂಡಳಿ ಬಿಟ್ಟ ಏಳೂ ಜನ ಅವರ ಮನೆಯ ಪಡಸಾಲೆಯಲ್ಲಿ ಸೇರತೊಡಗಿದೆವು. ಅಲ್ಲಿ ನಮಗೆ ಮೊದಲ ಸಲ ಚರಿತ್ರೆ ಗೊತ್ತಾಯಿತು. ಈ ಚಳವಳಿಯೊಳಗೆ ಎಲ್ಲ ದೇಶದಲ್ಲೂ ಎಲ್ಲ ಕಾಲದಲ್ಲೂ ಜಗಳ ಇದ್ದೇ ಇತ್ತಂತೆ. ಒಂದು ಗುಂಪು ಅರ್ಜಿ ಬರೆದು, ಕಾನೂನು ಕೇಳಿ, ಕಾಯುವುದು. ಇನ್ನೊಂದು ಗುಂಪು, ಕಾನೂನು ಬಂದರೂ ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ ಗಂಡಸಿನ ಆಳ್ವಿಕೆ ಹಾಗೇ ಇರುತ್ತದಲ್ಲ, ಮೊದಲು ಅದನ್ನು ಹಿಡಿಯಿರಿ ಅನ್ನುವುದು. ಮನೆಯೊಳಗಿನದು ಮನೆಯ ವಿಷಯ ಅನ್ನುವ ಮಾತೇ ದೊಡ್ಡ ಮೋಸ ಅಂತ ಇವರು ಹೇಳಿದ್ದಕ್ಕೆ ಮೊದಲ ಗುಂಪಿನವರೇ ಇವರನ್ನು ಬಜಾರಿಗಳು ಅಂದರಂತೆ. ಮನೆ ಮುರುಕರು ಅಂದರಂತೆ. ವರದಕ್ಷಿಣೆಗೆ ಸೊಸೆಯನ್ನು ಸುಟ್ಟ ಮನೆಯ ಮುಂದೆ ಹೋಗಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಆ ಮನೆಯವರನ್ನು ಹೆಸರು ಹಿಡಿದು ಕೂಗಿದ್ದನ್ನು ಟೀಚರ್ ಹೇಳುವಾಗ ಅವರ ಮುದಿ ಕುತ್ತಿಗೆಯ ನರ ಉಬ್ಬುತ್ತಿತ್ತು.

"ನಮ್ಮಂಥವ್ರಿಗೆ ರ‍್ಯಾಡಿಕಲ್ ಅಂತಿದ್ರು. ಆ ಪದದೊಳಗ ಬೇರು ಅಂತ ಅರ್ಥ ಐತಿ" ಅಂದರು ಒಂದು ದಿನ.

ಗೆಳತಿ ಸಿರುಗುಪ್ಪದ ಗದ್ದೆಗಳಲ್ಲಿ ಎಂಟು ವರ್ಷದವಳಿದ್ದಾಗಿನಿಂದ ಕಳೆ ಕಿತ್ತವಳು. "ಭತ್ತದಾಗ ಕಳಿ ತಗದಂಗ ಅನ್ರಿ" ಅಂದಳು. "ಮ್ಯಾಲೆ ಮ್ಯಾಲೆ ಹರಕೊಂತ ಹೋದ್ರ ಎಂಟ್ ದಿನಕ್ಕ ಮತ್ತ ಬರ್ತೈತಿ. ಕೈ ಕೆಸರಾದ್ರೂ ಬೇರು ಹಿಡದು ಕೀಳಬೇಕು."

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು. ಅವತ್ತು ಇನ್ನೊಂದು ಕತೆಯನ್ನೂ ಹೇಳಿದರು. ಕಡಲಾಚೆಯ ಒಂದು ದೇಶದಲ್ಲಿ ಇಂಥ ಹೆಣ್ಣುಮಕ್ಕಳನ್ನು ಮಾಟಗಾತಿಯರು ಅಂತ ಬೈದಾಗ, ಅವರು ಹೌದಪ್ಪಾ ಅಂತ ಕಪ್ಪು ಬಟ್ಟೆ ಹಾಕಿಕೊಂಡು ಬೀದಿಗಿಳಿದು ದುಡ್ಡಿನ ದೊರೆಗಳ ಕಚೇರಿ ಮುಂದೆ ಶಾಪ ಹಾಕಿದ್ದರಂತೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ನಾವು ಮಾಡಿದ್ದು ನಮ್ಮ ಸೀಮೆಯವರು ಮಾತ್ರ ಮಾಡಬಲ್ಲ ತಪ್ಪು. ಒಂದು ಗೋಡೆಪತ್ರಿಕೆ ಬರೆಯೋಣ ಅಂತ ಆಯಿತು. ಕಿಟಕಿಯ ಮೇಲೆ ಕೂತ ಅದಿರಿನ ಕೆಂಪು ಧೂಳನ್ನೇ ಒರೆಸಿ ತೆಗೆದು ಗೋಂದಿನಲ್ಲಿ ಕಲಸಿ ಬಣ್ಣ ಮಾಡಿದೆವು. ಅಕ್ಷರ ದುಂಡಗೆ ಇದ್ದದ್ದು ಗೆಳತಿಯದು. ಹೆಸರನ್ನೂ ಅವಳೇ ಇಟ್ಟಳು: 'ಆಡವಾಳ್ಳ ಮಾಟ'. ತೆಲುಗಿನಲ್ಲಿ ಹೆಂಗಸರ ಮಾತು ಅಂತ. ಅವಳ ತವರಿನಲ್ಲಿ ಆಡವಾಳ್ಳ ಮಾಟ ಅಂದರೆ ಲೆಕ್ಕಕ್ಕಿಲ್ಲದ ಮಾತು, ಅದಕ್ಕೇ ಅದನ್ನು ದೊಡ್ಡದಾಗಿ ಬರೆಯಬೇಕು ಅಂದಳು. ಕನ್ನಡ ಅಕ್ಷರದಲ್ಲಿ ಬರೆದಳು. ಕೆಳಗೆ ಅವನು ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದು, ಕೊನೆಗೆ 'ಮಗಳನ್ನು ಕೊಡು' ಅಂತ ಮುಗಿಸಿದಳು. ಬಳ್ಳಾರಿಯಲ್ಲಿ ತೆಲುಗು ಬಾರದವರು ಯಾರಿದ್ದಾರೆ? ಒಂದೇ ಬಾಯಲ್ಲಿ ಎರಡು ಭಾಷೆ ಇಟ್ಟುಕೊಂಡವರು ನಾವು. ಕನ್ನಡದಲ್ಲಿ ಮಾಟ ಅಂದರೆ ಏನು ಅನ್ನುವುದು ಏಳು ಜನರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಟೀಚರಿಗೂ ಹೊಳೆಯಲಿಲ್ಲ. ಕುರುಗೋಡಿನ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿ ಬಂದೆವು.

ಮೂರನೆಯ ದಿನ ಅವನ ಲಾರಿಯ ಆ್ಯಕ್ಸಲ್ ಮುರಿಯಿತು. ಅದೇ ವಾರ ಅವನಿಗೆ ಹೊಟ್ಟೆನೋವು. ಅವನು ಕಾಗದ ಕಿತ್ತುಕೊಂಡು ನೇರ ಪೊಲೀಸ್ ಠಾಣೆಗೆ ಹೋದ. ಠಾಣೆಯ ಸಾಹೇಬರು ಮಂಡ್ಯ ಕಡೆಯವರು, ಬಂದು ತಿಂಗಳಾಗಿರಲಿಲ್ಲ, ತೆಲುಗಿನ ಗಂಧಗಾಳಿ ಇಲ್ಲ. ನಮ್ಮನ್ನು ಕರೆಸಿದರು. "ಏನ್ರಮ್ಮ ಇದು? ಮಾಟ ಅಂತ ನೀವೇ ಬರೆದು ಅಂಟ್ಸಿದ್ದೀರಲ್ಲ?" ಅಂದರು. ನಾವು ಅದು ತೆಲುಗು, ಅದರರ್ಥ ಮಾತು ಅಂದೆವು. ಆ ಗಂಡ ದಿನಾ ಆಂಧ್ರದ ಡ್ರೈವರುಗಳಿಗೆ ತೆಲುಗಿನಲ್ಲೇ ಬೈಯುವವನು. "ನನಗ ತೆಲುಗು ಬರಂಗಿಲ್ರಿ ಸಾಹೇಬ್ರ, ನಾನು ಕನ್ನಡದಾವ. ಕೈ ನೋಡ್ರಿ ಅವ್ರವು, ನೀಲಿ ಆಗ್ಯಾವ" ಅಂದ. ಸಾಹೇಬರು ನಮ್ಮ ಕೈ ನೋಡಿದರು. ಜೀನ್ಸಿನ ಬಣ್ಣ ಅಂತ ಹೇಳಿದರೆ ಹಿಂದೆ ನಿಂತ ಪೇದೆ ಕಿಸಕ್ಕನೆ ನಕ್ಕ. ಅವನಿಗೂ ತೆಲುಗು ಬರುತ್ತಿತ್ತು. ಬಾಯಿ ಬಿಡಲಿಲ್ಲ.

ಊರಿನ ಗೌರವಸ್ಥ ಹೆಂಗಸು ಯಾರನ್ನಾದರೂ ಕೇಳೋಣ ಅಂತ ಸಾಹೇಬರು ಅಧ್ಯಕ್ಷಿಣಿಯನ್ನು ಕರೆಸಿದರು. ನನಗೆ ಜೀವ ಬಂದ ಹಾಗಾಯಿತು. ಎಷ್ಟಾದರೂ ಹೆಣ್ಣು, ಮೇಲಾಗಿ ತೆಲುಗು ಮನೆತನದವರು, ಅಡುಗೆಯವಳಿಗೆ, ಮೊಮ್ಮಕ್ಕಳಿಗೆ, ದೇವರಿಗೆ ಎಲ್ಲಕ್ಕೂ ತೆಲುಗು. ಅವರು ಬಂದು ಕುರ್ಚಿಯಲ್ಲಿ ಕೂತು, ಕಾಗದವನ್ನು ಕೈಯಲ್ಲೂ ಹಿಡಿಯದೆ ದೂರದಿಂದ ಓದಿದರು. "ನನಗ ಅಷ್ಟಾಗಿ ತೆಲುಗು ಗೊತ್ತಿಲ್ರಿ. ಕನ್ನಡದಾಗ ಮಾಟ ಅಂದ್ರ ಮಾಟನ" ಅಂದರು. ಅಷ್ಟೇ. ಸೆರಗು ಸರಿಮಾಡಿಕೊಂಡು ಕಾರು ಹತ್ತಿದರು. ಹೊಡೆದವನ ಮೇಲೆ ನನಗೆ ಇದ್ದ ಸಿಟ್ಟು ಒಂದು ತೂಕ, ಆ ಹೆಂಗಸಿನ ಮೇಲೆ ಅವತ್ತು ಹುಟ್ಟಿದ್ದು ಇನ್ನೊಂದು ತೂಕ. ಇವತ್ತಿಗೂ ಇಳಿದಿಲ್ಲ.

ಸಾಹೇಬರು ಮಾಟ ನಂಬುವವರಲ್ಲ. ಆದರೆ ಊರಿನಲ್ಲಿ ಗಲಾಟೆ ಬೇಡ, ಮಗು ಸದ್ಯಕ್ಕೆ ಅಪ್ಪನ ಕಡೆಯೇ ಇರಲಿ ಅಂದರು. ಅವನು ಮಗಳನ್ನು ಸಿರುಗುಪ್ಪದ ತನ್ನ ಅಕ್ಕನ ಮನೆಗೆ ಸಾಗಿಸಿದ. ಗೆಳತಿ ಮೂರು ಸಲ ಹೋದಳು. ಮೂರು ಸಲವೂ ಆ ಮನೆಯವರು ಬಾಗಿಲು ತೆಗೆಯಲಿಲ್ಲ. ಮಾಟ ಮಾಡುವವಳ ನೆರಳೂ ಮಗುವಿನ ಮೇಲೆ ಬೀಳಬಾರದು ಅಂತ ಒಳಗಿನಿಂದಲೇ ಕೂಗಿದರಂತೆ.

ಪೆಟ್ಟು ನಮ್ಮ ಮನೆಗೂ ಬಿತ್ತು. ಮಾಟ ಅನ್ನುವುದನ್ನು ಜನ ಹುಡುಕುವುದು ಎಲ್ಲಿ? ಹೊಸ್ತಿಲ ಕೆಳಗೆ, ತಲೆದಿಂಬಿನೊಳಗೆ, ಗಾದಿಯೊಳಗೆ. ನಾನು ಗಾದಿ ತುಂಬುವವನ ಮಗಳು! ಕುರುಗೋಡಿನಲ್ಲಿ ಅಪ್ಪ ತುಂಬಿಕೊಟ್ಟ ಗಾದಿಗಳನ್ನೆಲ್ಲ ಜನ ಬ್ಲೇಡಿನಿಂದ ಕೊಯ್ದು ಹುಡುಕಿದರು. ಹೊಸಬರು ಯಾರೂ ಕೆಲಸ ಕೊಡಲಿಲ್ಲ. ನಾನು ಅಪ್ಪನ ಮುಂದೆ ಅಳುತ್ತ ಕೂತರೆ ಅವನು, "ಹತ್ತಿ ಬಿಟ್ರ ಏನೂ ಸಿಗಲಿಲ್ಲ ಅಂತ ಪಾಪ ಅವ್ರಿಗೇ ಬ್ಯಾಸರ ಆಗೇತಿ ನೋಡು. ಇನ್ನೊಮ್ಮಿ ಗಾದಿ ತುಂಬುವಾಗ ಒಂದೊಂದು ನಿಂಬಿಹಣ್ಣು ಇಡ್ಬೇಕಾತು" ಅಂದ. ಆಮೇಲೆ ಹಿಂಜುವ ಬಿಲ್ಲನ್ನು ಗೂಟಕ್ಕೆ ತೂಗುಹಾಕಿ, ಚಾದಂಗಡಿಯ ಕಡೆ ಹೋದ. ಅವತ್ತಿನಿಂದ ಬಹಳ ದಿನ ಅದು ಗೂಟದಲ್ಲೇ ಇತ್ತು.

ಒಂದು ದಿನ ಅಪ್ಪನೇ ಒಂದು ಸುದ್ದಿ ಹೇಳಿದ. ಗೆಳತಿಯ ಗಂಡ ತನ್ನ ಹೊಸ ಮಂಚದ ಗಾದಿಯನ್ನು ಬೀದಿಗೆ ತಂದು ತಾನೇ ಕುಡುಗೋಲಿನಿಂದ ಸೀಳಿದನಂತೆ. ಎರಡು ಕೈಯಿಂದ ಹತ್ತಿ ಬಗೆಬಗೆದು ಹುಡುಕಿದನಂತೆ, ಮೈಯೆಲ್ಲ ಬೆವರು, ತುಟಿ ಒಣಗಿತ್ತಂತೆ. ನಾನು ಕೇಳುತ್ತ ಕೇಳುತ್ತ ಎದ್ದು ನಿಂತೆ. ಇಷ್ಟು ದಿನ ಅವನದು ನಾಟಕ ಅಂದುಕೊಂಡಿದ್ದೆ. ಠಾಣೆಯಲ್ಲಿ ತಾನು ಹೇಳಿದ ಸುಳ್ಳು ಅವನಿಗೇ ಹತ್ತಿಕೊಂಡುಬಿಟ್ಟಿತ್ತು. ಅವನು ನಿಜಕ್ಕೂ ಅಂಜಿದ್ದ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗಾದ ಖುಷಿ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಪಾರ್ವತಿನಗರದ ಪಡಸಾಲೆಯಲ್ಲಿ ಹೇಳಿದೆ: "ಮಾಟ ಅಂದ್ರಲ್ಲ? ಆಗ್ಲಿ, ಮಾಟಾನ ಮಾಡೂಣು. ಏನೂ ಮಾಡೋದು ಬ್ಯಾಡ. ಕೂದ್ಲ ಬಿಚ್ಚಿಕೊಂಡು ಅವನ ಮನಿ ಮುಂದ ಸುಮ್ನ ನಿಂದ್ರೂಣು. ಉಳಿದಿದ್ದು ಅವನ ಮಾಡ್ಕೊಂತಾನ."

ಟೀಚರ್ ಉರಿದುಬಿದ್ದರು. "ನಲವತ್ತು ವರ್ಷ ನಾನು ಮಕ್ಕಳಿಗೆ ಮಾಟ ಸುಳ್ಳು, ಮಂತ್ರ ಸುಳ್ಳು ಅಂತ ಹೇಳೀನಿ. ನೀವು ಅದನ್ನ ಖರೇ ಮಾಡಾಕ ಹೊಂಟೀರೇನು?" ಅಂದರು. "ಆ ಪರದೇಶದ ಕತಿ ನಿಮ್ಮ ಮುಂದ ಹೇಳಿದ್ದು ನಂದ ತಪ್ಪು. ಅಲ್ಲಿ ಯಾರೂ ಮಾಟ ನಂಬ್ತಿರಲಿಲ್ಲ, ಅದು ಅಣಕ. ಇಲ್ಲಿ ನಂಬ್ತಾರ. ನಾಳೆ ಯಾವಳೋ ದಿಕ್ಕಿಲ್ಲದಾಕಿ ಮ್ಯಾಲೆ ಕಲ್ಲು ಬೀಳ್ತಾವ."

"ಕಲ್ಲು ಈಗ ನಮ್ಮ ಮ್ಯಾಲೆ ಬಿದ್ದಾವಲ್ರಿ" ಅಂದೆ ನಾನು.

"ಅದಕ್ಕ ಇನ್ನೊಬ್ಬಾಕಿ ತಲಿ ಕೊಡ್ತೀಯೇನು?"

ಗೆಳತಿ ಇಬ್ಬರ ಮುಖವನ್ನೂ ನೋಡಿದಳು. "ಟೀಚರಮ್ಮಾ, ನೀವು ಹೇಳೋದು ಸರಿ ಐತಿ. ಆದ್ರ ನನಗ ಮಗಳು ಬೇಕ್ರಿ" ಅಂದಳು. ಟೀಚರ್ ಎದ್ದು ಒಳಗೆ ಹೋದರು. ಅವರು ಬರಲಿಲ್ಲ. ಅವರು ಹೇಳಿದ್ದು ಸುಳ್ಳಾಗಲೂ ಇಲ್ಲ, ಅದನ್ನು ಇಲ್ಲೇ ಬರೆದುಬಿಡುತ್ತೇನೆ. ಮರುವರ್ಷ ಕುರುಗೋಡಿನ ಒಂದು ಓಣಿಯಲ್ಲಿ ಎಮ್ಮೆ ಹಾಲು ಕೊಡುವುದನ್ನು ಬಿಟ್ಟಿತು ಅಂತ ಒಬ್ಬ ಮುದುಕಿ ವಿಧವೆಯ ಹೊಸ್ತಿಲು ಅಗೆದರು. ಮುದುಕಿಯನ್ನು ನಾನೇ ಹೋಗಿ ಬಳ್ಳಾರಿಗೆ ಕರೆದುಕೊಂಡು ಬಂದೆ. ಅವಳು ನನ್ನನ್ನು ಬೈಯಲಿಲ್ಲ, ನಾನು ಯಾರು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಶೆಡ್ಡಿಗೆ ವಾರದ ರಜೆ ಮಂಗಳವಾರ. ಬೇರೆ ದಿನ ಹೋದರೆ ಕೆಲಸ ಹೋಗುತ್ತದೆ, ಹಾಗಾಗಿ ಮಂಗಳವಾರವೇ ಹೋದೆವು. ಊರವರು ಮಾತ್ರ, ನೋಡಿದ್ರಾ, ಮಂಗಳವಾರನ ಬಂದಾರ ಅಂತ ಕಣ್ಣು ಕಣ್ಣು ಬಿಟ್ಟರು. ಬೆಳಿಗ್ಗೆ ಅವನ ಮನೆಯ ಮುಂದಿನ ಬಯಲಿನಿಂದ ಲಾರಿಗಳು ಹೊರಡುವ ಹೊತ್ತು. ಏಳೂ ಜನ ರಸ್ತೆಯ ಈಚೆ ಸಾಲಾಗಿ ನಿಂತೆವು. ನಾನು ಹುಟ್ಟಿ ಬೆಳೆದ ಊರಿನಲ್ಲಿ ತಲೆ ಮೇಲಿನ ಸೆರಗು ಯಾವತ್ತೂ ಜಾರಿಸಿದವಳಲ್ಲ. ಅವತ್ತು ಸೆರಗು ಇಳಿಸಿ, ಹೆರಳು ಬಿಚ್ಚಿದೆ. ಬೆನ್ನಿನ ಮೇಲೆ ಕೂದಲು ಬಿದ್ದಾಗ ಮೊದಲು ನಾಚಿಕೆಯಾಯಿತು, ಆಮೇಲೆ ಬಿಸಿಲು ಹತ್ತಿತು, ಆಮೇಲೆ ಏನೂ ಅನ್ನಿಸಲಿಲ್ಲ. ಅಪ್ಪ ಚಾದಂಗಡಿಯ ಬೆಂಚಿನಿಂದ ನೋಡುತ್ತಿದ್ದ. ಎದ್ದು ಬಂದು ಬೈಯುತ್ತಾನೆ ಅಂದುಕೊಂಡೆ. ಅವನು ಇನ್ನೊಂದು ಚಾ ಹೇಳಿದ.

ನಾವು ಮಾತಾಡಲಿಲ್ಲ, ಕೈ ಎತ್ತಲಿಲ್ಲ, ಉಗುಳಲೂ ಇಲ್ಲ. ಬರೀ ನೋಡಿದೆವು. ಡ್ರೈವರುಗಳು ಬಂಪರಿಗೆ ಮೆಣಸಿನಕಾಯಿ ಕಟ್ಟದೆ ಗೇರು ಹಾಕದ ಜನ. ಒಬ್ಬ, "ಲೇ, ನಾ ಇವತ್ತ ಗಾಡಿ ತಗಿಯಂಗಿಲ್ಲ" ಅಂದ. ಇನ್ನೊಬ್ಬ ಕೀಲಿಯನ್ನು ಸೀಟಿನ ಮೇಲೆ ಎಸೆದು ಇಳಿದ. ಎರಡನೆಯ ಮಂಗಳವಾರಕ್ಕೆ ಒಬ್ಬ ಡ್ರೈವರು ಊರನ್ನೇ ಬಿಟ್ಟಿದ್ದ. ಮೂರನೆಯ ಮಂಗಳವಾರ ನಮ್ಮಲ್ಲಿ ಒಬ್ಬಳು ಉಪ್ಪಿನಕಾಯಿಗೆ ಅಂತ ಸಂತೆಯಲ್ಲಿ ನಿಂಬೆಹಣ್ಣು ಕೊಂಡು ಚೀಲದಲ್ಲಿ ಹಿಡಿದಿದ್ದಳು. ಹರಿದ ಚೀಲ. ಒಂದು ಹಣ್ಣು ಬಿದ್ದು ಉರುಳುತ್ತ ಉರುಳುತ್ತ ಹೋಗಿ ಸರಿಯಾಗಿ ಲಾರಿಯ ಮುಂದಿನ ಗಾಲಿಯ ಹತ್ತಿರ ನಿಂತಿತು. ಅಯ್ಯಯ್ಯೋ, ಬಯಲು ಖಾಲಿಯಾದ ವೇಗ ನೀವು ನೋಡಬೇಕಿತ್ತು! ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ. ಅದನ್ನೂ ಜನ ಮಂತ್ರ ಹೇಳುತ್ತಿದ್ದಾಳೆ ಅಂದರಂತೆ.

ಊರಿನ ಲಾರಿಗಳೆಲ್ಲ ಒಂದು ಟ್ರಿಪ್ಪಿನ ಮೇಲೆ ಇನ್ನೊಂದು ಟ್ರಿಪ್ಪು ಹೊಡೆಯುತ್ತಿದ್ದ ಕಾಲದಲ್ಲಿ ಅವನ ಲಾರಿಗಳು ನಾಯಿ ಮಲಗುವ ನೆರಳಾಗಿ ನಿಂತವು. ಟ್ರಾನ್ಸ್‌ಪೋರ್ಟಿನ ದೊಡ್ಡವರು ಅವನ ಕೆಲಸವನ್ನು ಬೇರೆಯವನಿಗೆ ಕೊಟ್ಟರು. ಐದನೆಯ ಮಂಗಳವಾರ ಅವನು ಬರಿಗಾಲಲ್ಲಿ ರಸ್ತೆ ದಾಟಿ ಬಂದ. ಗಡ್ಡ ಬಿಟ್ಟಿದ್ದ, ಕೈ ನಡುಗುತ್ತಿತ್ತು. ಹೆಂಡತಿಯ ಮುಂಗೈ ಮುರಿದ ಕೈ ಅದು. "ತಗದಬಿಡ್ರಿ. ಏನ್ ಇಟ್ಟೀರೋ ತಗದಬಿಡ್ರಿ. ಕಾಲಿಗೆ ಬೀಳ್ತೀನಿ" ಅಂದ. ನಾನು ಕಣ್ಣು ತುಂಬ ನೋಡಿದೆ. ಪಾಪ ಅನ್ನಿಸಿತೇ ಅಂತ ಆಮೇಲೆ ಯಾರೋ ಕೇಳಿದರು. ಇಲ್ಲ. ಇನ್ನೂ ಸ್ವಲ್ಪ ಹೊತ್ತು ನಡುಗಲಿ ಅನ್ನಿಸಿತು.

ಗೆಳತಿ ಐದು ವಾರದಲ್ಲಿ ಆಡಿದ್ದು ಒಂದೇ ಮಾತು: "ಮಗಳು."

ಎರಡು ದಿನಕ್ಕೆ ಅವನು ಹುಡುಗಿಯನ್ನು ಸಿರುಗುಪ್ಪದಿಂದ ಕರೆತಂದು ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಒಪ್ಪಿಸಿದ. ಕೊರಳಿಗೆ ತಾಯತ, ಸೊಂಟಕ್ಕೆ ಬೇವಿನ ಸೊಪ್ಪು, ಕೆನ್ನೆಗೆ ಕಪ್ಪು. ಗೆಳತಿ ಎತ್ತಿಕೊಳ್ಳಲು ಹೋದರೆ ಹುಡುಗಿ ಬಸ್ ಸ್ಟ್ಯಾಂಡಿನ ಕಂಬವನ್ನು ತಬ್ಬಿಕೊಂಡು ಕಿರುಚಿದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಸ್ಸು ಹತ್ತಿಸಬೇಕಾಯಿತು. ಬಳ್ಳಾರಿಯ ತನ್ನ ಬಾಡಿಗೆ ಕೋಣೆಗೆ ಬಂದು ಗೆಳತಿ ಬಿಸಿ ಅನ್ನ, ಬೇಳೆ, ತುಪ್ಪ ಹಾಕಿ ಮುಂದಿಟ್ಟಳು. ಹುಡುಗಿ ಮುಟ್ಟಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು: "ಇದ್ರಾಗ ಏನೂ ಹಾಕಿಲ್ಲಲಾ?"

ನಮಗೆ ಅರ್ಥವಾಯಿತು. ಊರನ್ನೆಲ್ಲ ನಂಬಿಸಿದ್ದೆವಲ್ಲ, ಅವಳನ್ನೂ ನಂಬಿಸಿದ್ದೆವು. ಅತ್ತೆಯ ಮನೆಯಲ್ಲಿ ಪ್ರತಿ ಮಂಗಳವಾರದ ಸುದ್ದಿ ಅವಳ ಮುಂದೆಯೇ ಬಿಚ್ಚಿಕೊಳ್ಳುತ್ತಿತ್ತಂತೆ. ಗೆಳತಿ ಮಗಳ ತಟ್ಟೆಯಿಂದ ಒಂದು ತುತ್ತು ತೆಗೆದು ತಾನು ತಿಂದಳು. ಆಮೇಲೆ ಹುಡುಗಿ ತಿಂದಳು. ಮರುದಿನ ಬೆಳಿಗ್ಗೆಯೂ ಹಾಗೇ, ಮಧ್ಯಾಹ್ನವೂ ಹಾಗೇ. ತಿಂಗಳು ಕಳೆದರೂ ಮೊದಲ ತುತ್ತು ತಾಯಿಯೇ ತಿನ್ನಬೇಕಿತ್ತು. ಗೆಳತಿ ಅಳುತ್ತಿರಲಿಲ್ಲ, ಅದನ್ನೂ ಒಂದು ಮನೆಗೆಲಸದ ಹಾಗೆ ಮಾಡುತ್ತಿದ್ದಳು. ಮಾಟ ಅಂದರೆ ಮಾತು ಅಂತ ನಾವು ಹೇಳಿದರೆ ಹುಡುಗಿ ತಲೆ ಅಲ್ಲಾಡಿಸುತ್ತಿದ್ದಳು. "ದೊಡ್ಡ ಅಮ್ಮಾರು ಮಾಟ ಅಂದ್ರ ಮಾಟನ ಅಂದಾರಂತ, ಪೊಲೀಸರ ಮುಂದ" ಅನ್ನುತ್ತಿದ್ದಳು.

ಸರಿ, ಹಾಗಾದರೆ ದೊಡ್ಡ ಅಮ್ಮಾರನ್ನೇ ಕೇಳೋಣ ಅಂತ ಒಂದು ಮಧ್ಯಾಹ್ನ ಹುಡುಗಿಯ ಕೈ ಹಿಡಿದು ಅಧ್ಯಕ್ಷಿಣಿಯ ಮನೆಗೆ ನಡೆದೆ. ಬೇಕೆಂದೇ ಮಂಡಳಿಯ ಸಭೆ ಇದ್ದ ದಿನ ಹೋದೆ. ದೊಡ್ಡ ಹಾಲಿನ ತುಂಬ ರೇಷ್ಮೆ ಸೀರೆಗಳು. ಅಧ್ಯಕ್ಷಿಣಿ ನನ್ನನ್ನು ನೋಡಿ ಬಿಳಿಚಿಕೊಂಡರೂ ದನಿ ಏರಿಸಿದರು. "ಏನು ಬಂದಿ? ಯಾರ್ ಕರದ್ರು ನಿನ್ನ?"

"ಈ ಹುಡುಗಿ ಒಂದು ಪದದ ಅರ್ಥ ಕೇಳಾಕ ಬಂದಾಳ್ರಿ. ಮಾಟ ಅಂದ್ರ ಏನು ಅಂತ. ನೀವು ಹೇಳಿದ್ರ ನಂಬ್ತಾಳಂತ" ಅಂದೆ.

"ಅವೆಲ್ಲ ಮುಗದ ವಿಷಯ. ನನಗ ತೆಲುಗು ಬರಂಗಿಲ್ಲ ಅಂತ ಆವತ್ತ ಹೇಳೀನಿ" ಅಂದರು. ಹಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಅಡುಗೆಯವಳು ಕಾಫಿಯ ತಟ್ಟೆ ಹಿಡಿದು, ಬೇಡ ಬೇಡ ಅಂತ ಅವರು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರೂ ನೇರ ನನ್ನ ಕಡೆಗೇ ಬಂದಳು. ಅಧ್ಯಕ್ಷಿಣಿಗೆ ತಾಳ್ಮೆ ತಪ್ಪಿತು. "ಒಸೇ, ಒಕ್ಕ ಮಾಟ ಚೆಪ್ತೇ ವಿನವಾ?" ಅಂತ ಚೀರಿದರು. ಒಂದು ಮಾತು ಹೇಳಿದರೆ ಕೇಳುವುದಿಲ್ಲವೇ ಅಂತ.

ಹುಡುಗಿ ನನ್ನ ಕೈ ಜಗ್ಗಿ, ಇಡೀ ಮನೆಗೆ ಕೇಳುವ ಹಾಗೆ, "ಈಕಿನೂ ಮಾಟ ಅಂದ್ಲು!" ಅಂದಳು.

ಯಾರೋ ಹಿಂದಿನಿಂದ ನಕ್ಕರು. ಆಮೇಲೆ ಇನ್ನೊಬ್ಬರು. ಅಧ್ಯಕ್ಷಿಣಿಯ ಕಿವಿಯೋಲೆಯ ಹರಳುಗಳು ಅಲ್ಲಾಡುತ್ತಿದ್ದವು. ನಾನು ಹೋಗದೆ ಅಲ್ಲೇ ನಿಂತೆ, ನಿಲ್ಲುವುದನ್ನು ಐದು ಮಂಗಳವಾರ ಕಲಿತಿದ್ದೆನಲ್ಲ. ಕೊನೆಗೆ ಅವರು ಹುಡುಗಿಯ ಮುಖ ನೋಡದೆ, "ಮಾತು ಅಂತ ಅರ್ಥ. ತೆಲುಗಿನ್ಯಾಗ ಮಾಟ ಅಂದ್ರ ಮಾತು" ಅಂದರು.

"ಇದನ್ನ ಆವತ್ತ ಠಾ‌ಣ್ಯಾಗ ಹೇಳಿದ್ರ ಈ ಕೂಸು ಒಂದು ತಿಂಗಳು ಎಂಜಲನ್ನ ಉಣ್ಣತಿರಲಿಲ್ಲ" ಅಂದೆ. ಕಾಫಿ ಕುಡಿದು, ಲೋಟ ಅವರ ಮುಂದೆಯೇ ಇಟ್ಟು ಬಂದೆ. ಸಕ್ಕರೆ ಹೆಚ್ಚಾಗಿತ್ತು.

ದಾರಿಯಲ್ಲಿ ಹುಡುಗಿ ತಲೆ ಎತ್ತಿ ಕೇಳಿದಳು: "ಮಾಟ ಅಂದ್ರ ಬರೇ ಮಾತಾಗಿದ್ರ, ನೀವು ಯಾಕ ಕೂದ್ಲ ಬಿಚ್ಚಿ ನಿಂತಿದ್ರಿ?"

ನಲವತ್ತು ವರ್ಷ ಪಾಠ ಹೇಳಿದ ಟೀಚರ್ ನನ್ನ ಜಾಗದಲ್ಲಿ ಇದ್ದಿದ್ದರೆ ಸರಿಯಾದ ಉತ್ತರ ಕೊಡುತ್ತಿದ್ದರೇನೋ. ನನಗೆ ಹೊಳೆದದ್ದು ಒಂದೇ. "ನಿನ್ನ ಕರಕೊಂಡು ಬರಾಕ" ಅಂದೆ.

"ಅಪ್ಪ ಅಂಜಿದ್ನಾ?"

"ಅಂಜಿದ್ದ."

"ಭಾಳ ಅಂಜಿದ್ನಾ?"

ಹೇಳಬಾರದಿತ್ತೇನೋ. ಹೇಳಿದೆ. ಬರಿಗಾಲು, ಗಡ್ಡ, ನಡುಗುವ ಕೈ, ಕಾಲಿಗೆ ಬೀಳ್ತೀನಿ ಅಂದದ್ದು, ಒಂದನ್ನೂ ಬಿಡದೆ ಹೇಳಿದೆ. ಹುಡುಗಿ ಎರಡು ಸಲ ಹೇಳಿಸಿಕೊಂಡಳು. ಕೋಣೆಗೆ ಬಂದವಳೇ ಒಲೆಯ ಮುಂದೆ ಕೂತಿದ್ದ ತಾಯಿಯ ಎದುರು ನಿಂತು, ಎರಡೂ ಕೈ ಮುಂದೆ ಚಾಚಿ, ಅಪ್ಪ ಹೇಗೆ ನಡುಗಿದ ಅಂತ ಮಾಡಿ ತೋರಿಸಿದಳು. ಥೇಟ್ ಅವನ ಹಾಗೆಯೇ ನಡುಗಿಸಿದಳು, ಮತ್ತೆ ಮತ್ತೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ. ನನ್ನ ಗೆಳತಿ ಸೌಟು ಕೈಯಲ್ಲಿ ಹಿಡಿದು ಮಗಳನ್ನು ನೋಡುತ್ತಲೇ ಇದ್ದಳು, ನಗಲಿಲ್ಲ.

ನಾನು ನಕ್ಕೆ.